ಹಾಯಿದೋಣಿಯ ಪಂದ್ಯದಲ್ಲಿ ದಾರಿ ಯಾರದು?



ಪಂದ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ನಿಂತಲ್ಲಿಂದ ಹೊರಡುವ ಓಟ. ಓಟಗಾರರು ಗೆರೆಯ ಹಿಂದೆ ಬಗ್ಗಿ ನಿಲ್ಲುತ್ತಾರೆ. ಕುದುರೆಗಳನ್ನು ತಡೆಯ ಹಿಂದೆ ನಿಲ್ಲಿಸುತ್ತಾರೆ. ಕರಾವಳಿಯ ಕಂಬಳದಲ್ಲಿ ಕೋಣಗಳನ್ನು ನಾಲ್ಕಾರು ಜನ ಹಿಡಿದು ನಿಂತು, ಹೊತ್ತು ಬಂದಾಗ ಬಿಟ್ಟುಬಿಡುತ್ತಾರೆ. ಹಾಯಿದೋಣಿಗೆ ಈ ಭಾಗ್ಯವಿಲ್ಲ. ಗಾಳಿ ಬೀಸುತ್ತಿರುವಾಗ ನೀರಿನ ಮೇಲೆ ಅದನ್ನು ಒಂದೆಡೆ ಕಟ್ಟಿ ನಿಲ್ಲಿಸುವುದು ಸುಲಭವಲ್ಲ. ಆದುದರಿಂದ ಇಪ್ಪತ್ತು ಮೂವತ್ತು ದೋಣಿಗಳು ಒಂದು ಗೆರೆಯ ಹಿಂದೆ ಅತ್ತಿತ್ತ ಸುಳಿದಾಡುತ್ತ, ಒಂದರ ಮುಂದೊಂದು ಹಾಯುತ್ತ, ಸರಿಯಾದ ಕ್ಷಣಕ್ಕೆ ಸರಿಯಾದ ವೇಗದಲ್ಲಿ ಆ ಗೆರೆಯನ್ನು ದಾಟಬೇಕು. ಎಲ್ಲರಿಗೂ ಬೇಕಾದದ್ದು ಒಂದೇ ಜಾಗ, ಒಂದೇ ಗಳಿಗೆ. ಇಂಥ ಸಂತೆಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದೇ ನಮ್ಮ ಇಂದಿನ ವಿಷಯ.

ಇದು ಕಡಲ ತೀರದವರ ಚಿಂತೆ, ಬಯಲುಸೀಮೆಯ ನಮಗೇಕೆ ಎಂದು ಕೆಲವರು ಕೇಳಬಹುದು. ಒಳನಾಡಿನ ನೀರಿನಲ್ಲಿಯೂ ಈ ಆಟ ನಡೆಯುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದರಾಸು ಇಂಜಿನಿಯರ್ ಗ್ರೂಪಿನ ಸೈನಿಕರ ತೃಷ್ಣಾ ನೌಕಾವಿಹಾರ ಸಂಘವಿದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿಗಳು ಕಾಣುತ್ತವೆ. ಹೈದರಾಬಾದಿನ ಹುಸೇನ್ ಸಾಗರವೆಂಬ ಹಳೆಯ ಕೆರೆಯಲ್ಲಿ ಪಂದ್ಯದ ವಾರವೇ ನಡೆಯುವುದುಂಟು. ಆದರೆ ಇಂದು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಮನಸ್ಸಿನಲ್ಲಿಯೇ ಒಂದು ಪಂದ್ಯವನ್ನು ಏರ್ಪಡಿಸಿ, ಅದನ್ನು ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ನಡೆಸೋಣ. ಅಲ್ಲಿನ ನೀರೂ ಗಾಳಿಯೂ ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದುವು.

ವೇದಾವತಿಯು ಎರಡು ಗುಡ್ಡಗಳ ನಡುವೆ ನುಸುಳುವ ಎಡೆಯಲ್ಲಿ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಕಟ್ಟೆ ಅದು. ರಾಜಮಾತೆಯವರ ಹೆಸರಿನಿಂದ ವಾಣೀವಿಲಾಸ ಸಾಗರವೆನಿಸಿದರೂ, ಸುತ್ತಿನ ಜನರ ಬಾಯಲ್ಲಿ ಕಣಿವೆಯ ಮಾರಮ್ಮನ ಹೆಸರೇ ಉಳಿದಿದೆ. ತುಂಬಿದಾಗ ನೀರಿನ ಮಟ್ಟ 130 ಅಡಿ. ತುಂಬುವುದು ಮಾತ್ರ ಅಪರೂಪ: 1933ರಲ್ಲಿ ಕೋಡಿ ಹರಿದ ಕಟ್ಟೆ, ಮತ್ತೆ ಹರಿದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಆಗ ಹಿನ್ನೀರು ಹೊಸದುರ್ಗದ ತಾಲ್ಲೂಕಿನ ಹೊಲಗಳವರೆಗೆ ಹಬ್ಬಿತ್ತು. ಗಾಳಿಯ ವಿಷಯವನ್ನಂತೂ ಕೇಳುವುದೇ ಬೇಡ. ಆಷಾಢದಲ್ಲಿ ಚಿತ್ರದುರ್ಗದ ಬೆಟ್ಟಗಳ ಮೇಲೆ ನಿಂತವರಿಗೆ ಪಡುವಣ ಗಾಳಿಯ ಬಿರುಸು ಗೊತ್ತು. ಅಲ್ಲಿನ ಗುಡ್ಡಗಳ ನೆತ್ತಿಯ ಮೇಲೆ ವಿದ್ಯುತ್ತಿಗಾಗಿ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೂ ಅದೇ ಕಾರಣಕ್ಕೆ.

ಸರಿ, ಕಟ್ಟೆಗೆ ಬೆನ್ನುಮಾಡಿ, ಪಶ್ಚಿಮಕ್ಕೆ ಮುಖಮಾಡಿ ನಿಂತುಕೊಳ್ಳಿ. ಗಾಳಿ ನೇರವಾಗಿ ನಿಮ್ಮ ಮುಖಕ್ಕೆ ಬೀಸುತ್ತಿದೆ. ನಿಮ್ಮ ಬಲಕ್ಕೆ, ಎಂದರೆ ಉತ್ತರದ ತುದಿಯಲ್ಲಿ, ಪಂದ್ಯ ನಡೆಸುವವರ ದೋಣಿ ಲಂಗರು ಹಾಕಿದೆ. ಎಡಕ್ಕೆ, ದಕ್ಷಿಣದ ತುದಿಯಲ್ಲಿ, ಒಂದು ತೇಲುಗುಂಡು. ಇವೆರಡರ ನಡುವಣ ಕಣ್ಣಿಗೆ ಕಾಣದ ಗೆರೆಯೇ ಆರಂಭರೇಖೆ. ಗಾಳಿ ಬರುವ ದಿಕ್ಕಿನಲ್ಲಿಯೇ, ಹೊಸದುರ್ಗದ ಕಡೆಗೆ, ಮೊದಲನೆಯ ಗುರುತು ಇದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಕಡಿದಾದ ದಿಬ್ಬವನ್ನು ಹತ್ತುವ ಬಂಡಿ ಓರೆಯೋರೆಯಾಗಿ ಹತ್ತುವಂತೆ, ದೋಣಿ ಒಮ್ಮೆ ನೈಋತ್ಯಕ್ಕೆ, ಒಮ್ಮೆ ವಾಯವ್ಯಕ್ಕೆ ತಿರುಗುತ್ತ, ಗಾಳಿಯನ್ನು ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ ಹಾಯಿಗೆ ತೆಗೆದುಕೊಳ್ಳುತ್ತ ಮುಂದುವರಿಯಬೇಕು. ಗಾಳಿ ಬಲಗಡೆಯಿಂದ ಬರುತ್ತಿದ್ದರೆ ಅದನ್ನು ಬಲಗಾಳಿಯ ದೋಣಿಯೆಂದೂ, ಎಡಗಡೆಯಿಂದ ಬರುತ್ತಿದ್ದರೆ ಎಡಗಾಳಿಯ ದೋಣಿಯೆಂದೂ ಕರೆಯೋಣ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಕಷ್ಟವಲ್ಲ.

ಹೊರಡುವುದಕ್ಕೆ ಐದು ನಿಮಿಷ ಮುಂಚೆ ಒಂದು ಬಾವುಟ ಏರುತ್ತದೆ, ಇದು ಎಚ್ಚರಿಕೆ. ನಾಲ್ಕು ನಿಮಿಷವಿರುವಾಗ ನೀಲಿಯ ನಡುವೆ ಬಿಳಿಯ ಚೌಕವುಳ್ಳ ಬಾವುಟ ಏರುತ್ತದೆ. ಇದು ಸಿದ್ಧತೆಯ ಕರೆ. ಇಲ್ಲಿಂದ ಮುಂದೆ ದೋಣಿಗಳು ಪಂದ್ಯದಲ್ಲಿವೆಯೆಂದೇ ಲೆಕ್ಕ. ಒಂದು ನಿಮಿಷವಿರುವಾಗ ಆ ಬಾವುಟ ಇಳಿಯುತ್ತದೆ. ಐದು ನಿಮಿಷ ತುಂಬಿದಾಗ ಮೊದಲನೆಯ ಬಾವುಟವೂ ಇಳಿಯುತ್ತದೆ, ಪಂದ್ಯ ಮೊದಲಾಗುತ್ತದೆ. ಪ್ರತಿಯೊಂದಕ್ಕೂ ಕಹಳೆಯ ಅಥವಾ ತುಪಾಕಿಯ ಸದ್ದು ಜೊತೆಗಿರುತ್ತದೆ. ಆದರೆ ಕಾಲವನ್ನು ಎಣಿಸತಕ್ಕದ್ದು ಬಾವುಟದಿಂದ. ಸದ್ದು ಕೇಳದಿದ್ದರೂ ಬಾಧಕವಿಲ್ಲ. ಅದೇತಕ್ಕೆಂದರೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುತ್ತದೆ. ರೇಖೆಯ ದೂರದ ತುದಿಯಲ್ಲಿರುವವನಿಗೆ ಅದು ಸೆಕೆಂಡಿನ ಒಂದು ಪಾಲು ತಡವಾಗಿ ಮುಟ್ಟುತ್ತದೆ, ಬಾವುಟವಾದರೋ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಾಣುತ್ತದೆ. ಕಿವಿಯನ್ನೇ ನಂಬಿ ಬದುಕುವ ನಮ್ಮಂಥ ಬಾನುಲಿಯವರಿಗೆ ಇದು ಸ್ವಲ್ಪ ಮುಖಭಂಗವೇ ಸರಿ.

ಈಗ ನಿಯಮಗಳಿಗೆ ಬರೋಣ. ಮೊದಲನೆಯದು: ಬಲಗಾಳಿಯ ದೋಣಿಯೂ ಎಡಗಾಳಿಯ ದೋಣಿಯೂ ಎದುರಾದರೆ, ಎಡಗಾಳಿಯದು ದೂರ ಸರಿಯಬೇಕು. ನಮ್ಮ ರೇಖೆಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಬರುವವರು ಬಲಗಾಳಿಯವರು. ದಕ್ಷಿಣದಿಂದ ಉತ್ತರಕ್ಕೆ ಬರುವವರು ಎಡಗಾಳಿಯವರು. ಕೊನೆಯ ಗಳಿಗೆಯಲ್ಲಿ ಹೆಚ್ಚುಪಾಲು ದೋಣಿಗಳು ಬಲಗಾಳಿಯಲ್ಲಿಯೇ ಇರುವುದೇಕೆಂದು ಇದರಿಂದ ತಿಳಿಯಬಹುದು. ದಕ್ಷಿಣದ ತುದಿಯಿಂದ ಒಬ್ಬ ಸಾಹಸಿ ಎಡಗಾಳಿಯಲ್ಲಿ ಹೊರಟು, ಎಲ್ಲರ ಮುಂದೆಯೂ ಅಡ್ಡ ಹಾಯ್ದು ಹೋಗುವುದುಂಟು. ದಾಟಿದರೆ ಅವನೇ ಜಾಣ. ಎಡೆ ಸಾಲದೆ ಸಿಕ್ಕಿಬಿದ್ದರೆ ಇಪ್ಪತ್ತು ದೋಣಿಗಳ ಮುಂದೆ ಅಪರಾಧಿ. ಎದುರಾದಾಗ ಹಕ್ಕುಳ್ಳವನು ಕೂಗುವುದು ‘ಸ್ಟಾರ್‌ಬೋರ್ಡ್!’ ಎಂಬ ಒಂದೇ ಮಾತನ್ನು. ಆ ಮಾತು ಚುಕ್ಕಾಣಿ ಇದ್ದ ಬದಿ ಎಂಬ ಹಳೆಯ ಅರ್ಥದಿಂದ ಬಂದದ್ದು; ಹಿಂದೆ ಬಡಗಣ ಯೂರೋಪಿನ ನಾವೆಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಗಡೆಗೇ ಇರುತ್ತಿತ್ತು.

ಎರಡನೆಯ ನಿಯಮ: ಎರಡು ದೋಣಿಗಳಿಗೂ ಗಾಳಿ ಒಂದೇ ಕಡೆಯಿಂದ ಬರುತ್ತಿದ್ದು, ಅವು ಅಕ್ಕಪಕ್ಕದಲ್ಲಿದ್ದರೆ, ಗಾಳಿಯ ಮೇಲ್ಗಡೆ ಇರುವುದು ಕೆಳಗಡೆ ಇರುವುದಕ್ಕೆ ದಾರಿ ಬಿಡಬೇಕು. ಇದರ ನ್ಯಾಯವನ್ನು ಕಣದಲ್ಲಿ ರಾಗಿ ತೂರಿದವರಿಗೆ ವಿವರಿಸಬೇಕಾಗಿಲ್ಲ. ಗಾಳಿಯ ಮೇಲ್ಗಡೆ ನಿಂತು ತೂರಿದವನ ಹೊಟ್ಟೆಲ್ಲ ಕೆಳಗಡೆಯವನ ರಾಶಿಯ ಮೇಲೆ ಬೀಳುತ್ತದೆ. ಕೆಳಗಿನವನು ಮೇಲಿನವನಿಗೆ ಏನೂ ಮಾಡಲಾರ. ದೋಣಿಗಳಲ್ಲಿಯೂ ಹೀಗೆಯೇ. ಮೇಲ್ಗಡೆಯ ಹಾಯಿಯು ಗಾಳಿಯನ್ನು ಹೀರಿ, ಕಲಕಿ, ಬಡವಾದ ಗಾಳಿಯನ್ನು ಕೆಳಗಡೆಯವನಿಗೆ ಕೊಡುತ್ತದೆ. ಮೇಲಿನವನಿಗೆ ಹೊಸ ಗಾಳಿಯೂ ಉಂಟು, ಓಡಾಡಲು ಎಡೆಯೂ ಉಂಟು. ಅನುಕೂಲವುಳ್ಳವನು ಅನುಕೂಲವಿಲ್ಲದವನಿಗೆ ಎಡೆ ಕೊಡಲೆಂಬುದು ಈ ನಿಯಮದ ಇಂಗಿತ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಕೆರೆಗಳ ಅಚ್ಚುಕಟ್ಟಿನಲ್ಲಿ ತೂಬಿನ ಬಾಯಲ್ಲಿರುವ ಗದ್ದೆಯವನೂ ಕೊನೆಯ ಗದ್ದೆಯವನೂ ನೀರಿನ ಸರದಿಗಾಗಿ ಮಾಡುವ ವಾದವನ್ನು ಕೇಳಿದವರು, ಈ ಇಂಗಿತ ಹೊಸದೇನೂ ಅಲ್ಲವೆಂದು ಒಪ್ಪುತ್ತಾರೆ. ಅಲ್ಲಿ ಹಂಚುವುದಕ್ಕೆ ನೀರುಗಂಟಿಯಿರುತ್ತಾನೆ. ಇಲ್ಲಿ ಅವನೂ ಇಲ್ಲ.

ಮೂರನೆಯದು ಸುಲಭ. ಒಂದರ ಹಿಂದೊಂದು ಹೋಗುತ್ತಿದ್ದರೆ ಹಿಂದಿನದು ಮುಂದಿನದನ್ನು ತಾಕಬಾರದು. ನಾಲ್ಕನೆಯದು, ಒಂದು ಕಡೆಯ ಗಾಳಿಯಿಂದ ಇನ್ನೊಂದು ಕಡೆಯ ಗಾಳಿಗೆ ತಿರುಗುತ್ತಿರುವವನು ತಿರುಗಿ ಮುಗಿಯುವವರೆಗೆ ಉಳಿದವರಿಗೆ ಎಡೆ ಕೊಡಬೇಕು.

ಇಷ್ಟೇ ಆಗಿದ್ದರೆ ಇದೊಂದು ದಬ್ಬಾಳಿಕೆಯ ಶಾಸ್ತ್ರವಾಗುತ್ತಿತ್ತು. ನಮ್ಮ ಮನಸ್ಸನ್ನು ಸೆಳೆದದ್ದು ಹಕ್ಕುಳ್ಳವನ ಕೈಯನ್ನು ಕಟ್ಟುವ ನಿಯಮಗಳು. ಪಂದ್ಯ ಹೊರಡಲು ಅರ್ಧ ನಿಮಿಷ ಇರುವಾಗಿನ ನೋಟವನ್ನು ಕಲ್ಪಿಸಿಕೊಳ್ಳಿ. ದೋಣಿಗಳು ಹಾಯಿಯನ್ನು ಸಡಿಲಬಿಟ್ಟು, ಪಟಪಟನೆ ಬಡಿಯಗೊಡುತ್ತ, ರೇಖೆಯ ಹಿಂದೆ ಸಾಲಾಗಿ ತೆವಳುತ್ತಿವೆ. ಪ್ರತಿಯೊಬ್ಬನೂ ತನ್ನ ಕೆಳಗಡೆ ಒಂದಿಷ್ಟು ತೆರಪನ್ನು ಕಾಪಾಡಿಕೊಂಡಿದ್ದಾನೆ. ಕರೆ ಬಂದಾಗ ಆ ತೆರಪಿಗೆ ದೋಣಿಯನ್ನು ಇಳಿಸಿ ವೇಗ ಕೂಡಿಸಬೇಕೆಂಬುದು ಅವನ ಯೋಚನೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬನು ಬಂದು, ಆ ತೆರಪಿನಲ್ಲಿಯೇ ಮೂಗು ತೂರಿಸುತ್ತಾನೆ. ಇದು ಅಪರಾಧವೇ? ಅಲ್ಲ. ಹಿಂದಿದ್ದಾಗ ಅವನಿಗೆ ಹಕ್ಕಿರಲಿಲ್ಲ. ಪಕ್ಕಕ್ಕೆ ಬಂದೊಡನೆ ಅವನು ಗಾಳಿಯ ಕೆಳಗಡೆಯವನಾದ್ದರಿಂದ ಹಕ್ಕು ಅವನ ಪಾಲಾಯಿತು. ಆದರೆ ಹಕ್ಕು ಬಂದ ಕ್ಷಣದಲ್ಲಿಯೇ ಅವನು ಮೇಲಿನವನ ಮೇಲೆ ಏರಿಹೋಗುವಂತಿಲ್ಲ. ಮೇಲಿನವನು ಚುಕ್ಕಾಣಿ ತಿರುಗಿಸಿ ಸರಿದುಕೊಳ್ಳುವಷ್ಟು ಎಡೆಯನ್ನೂ ಹೊತ್ತನ್ನೂ ಮೊದಲು ಅವನಿಗೆ ಕೊಡಬೇಕು. ಆಮೇಲೆ ಬೇಕಾದರೆ ತಾನು ಗಾಳಿಯ ಕಡೆಗೆ ತಿರುಗುತ್ತ ತಿರುಗುತ್ತ, ಪಂದ್ಯ ಹೊರಡುವವರೆಗೆ ಗಾಳಿಗೆ ನೇರವಾಗುವ ತನಕ, ಮೇಲಿನವನನ್ನು ಒತ್ತಬಹುದು. ಹೀಗೆ ಒತ್ತುವಾಗಲೂ, ಪ್ರತಿ ತಿರುವಿನಲ್ಲಿಯೂ, ಇನ್ನೊಬ್ಬನಿಗೆ ಸರಿಯಲು ಅವಕಾಶವಿರಬೇಕು. ಹಠಾತ್ತಾಗಿ ತಿರುಗಿ ಗುದ್ದಿದರೆ ಹಕ್ಕುಳ್ಳವನೇ ತಪ್ಪುಗಾರ.

ಇದಕ್ಕೂ ಮೇಲೆ ಒಂದು ಸಾಮಾನ್ಯ ನಿಯಮ: ತಪ್ಪಿಸಬಹುದಾದ ಡಿಕ್ಕಿಯನ್ನು ಇಬ್ಬರೂ ತಪ್ಪಿಸಬೇಕು. ಎದುರಿನವನು ಸರಿಯುವುದಿಲ್ಲವೆಂದು ಸ್ಪಷ್ಟವಾಗುವ ತನಕ ಹಕ್ಕುಳ್ಳವನು ತನ್ನ ದಾರಿಯಲ್ಲಿರಬಹುದು. ಸ್ಪಷ್ಟವಾದ ಮೇಲೆಯೂ ಹಟ ಹಿಡಿದು ಹೋಗಿ, ದೋಣಿಗೆ ಜಖಂ ಆದರೆ ಅಥವಾ ಯಾರಿಗಾದರೂ ಗಾಯವಾದರೆ, ‘ದಾರಿ ನನ್ನದಾಗಿತ್ತು’ ಎಂಬ ಮಾತು ಅವನನ್ನು ಉಳಿಸದು. ನಮ್ಮ ಹೆದ್ದಾರಿಗಳ ಕೂಡುದಾರಿಯಲ್ಲಿ, ವಿಶೇಷವಾಗಿ ಚಿತ್ರದುರ್ಗದ ಬಳಿ ಬೆಂಗಳೂರು-ಪುಣೆಯ ದಾರಿಯೂ ಹೊಸಪೇಟೆಯ ದಾರಿಯೂ ಸಂಧಿಸುವಲ್ಲಿ ಲಾರಿಗಳ ಧೋರಣೆಯನ್ನು ನೋಡಿದವರು ಈ ನಿಯಮವನ್ನು ಸ್ವಲ್ಪ ಅಸೂಯೆಯಿಂದಲೇ ಓದಬೇಕಾಗುತ್ತದೆ.

ಇನ್ನು ಉತ್ತರದ ತುದಿಯ ಜಗಳ. ಗಾಳಿ ಒಂದಿಷ್ಟು ಓರೆಯಾದರೂ ರೇಖೆಯ ಒಂದು ತುದಿ ಮೊದಲನೆಯ ಗುರುತಿಗೆ ಹತ್ತಿರವಾಗುತ್ತದೆ. ನೂರು ಮೀಟರು ಉದ್ದದ ರೇಖೆಗೆ ಗಾಳಿ ಐದು ಡಿಗ್ರಿ ಓರೆಯಾದರೆ ಒಂದು ತುದಿಯವನಿಗೆ ಸುಮಾರು ಒಂಬತ್ತು ಮೀಟರುಗಳ ಲಾಭ. ಚಿಕ್ಕ ದೋಣಿಗಳಲ್ಲಿ ಎರಡು ದೋಣಿಯ ಉದ್ದಕ್ಕಿಂತ ಹೆಚ್ಚು. ಆದುದರಿಂದ ಗಾಳಿ ಬಡಗಕ್ಕೆ ಸರಿದ ದಿನ ಎಲ್ಲರೂ ಪಂದ್ಯ ನಡೆಸುವವರ ದೋಣಿಯ ಬಳಿ ಮುತ್ತುತ್ತಾರೆ. ಆ ದೋಣಿಗೂ ಅದರ ಪಕ್ಕದ ಸ್ಪರ್ಧಿಗೂ ನಡುವೆ ಮೇಲ್ಗಡೆಯಿಂದ ನುಗ್ಗಿಬಿಡುವುದು ಅತ್ಯಾಸೆಯವರ ಹಳೆಯ ಚಾಳಿ. ಪಂದ್ಯದ ನಡುವೆ ಬರುವ ಗುರುತುಗಳನ್ನು ಸುತ್ತುವಾಗ ಒಳಬದಿಯವನಿಗೆ ಎಡೆ ಕೊಡಬೇಕೆಂಬ ನಿಯಮವುಂಟು. ಆರಂಭದ ಗುರುತಿನಲ್ಲಿ ಅದು ಸಲ್ಲದು. ಅಲ್ಲಿ ಕೆಳಗಡೆಯವನು ಬಾಗಿಲು ಮುಚ್ಚಬಹುದು, ನುಗ್ಗುವವನು ಹೊರಗೆ ಉಳಿಯಬೇಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಾಗಿಲುಗಳ ದಾರಿಯನ್ನು ಅಂಕುಡೊಂಕಾಗಿ ಕಟ್ಟಿದ್ದು ಗುಂಪಾಗಿ ನುಗ್ಗುವವರ ವೇಗವನ್ನು ಮುರಿಯಲೆಂದೇ. ನೀರಿನಲ್ಲಿ ಅಂಥ ಗೋಡೆ ಕಟ್ಟಲಾಗುವುದಿಲ್ಲ. ಅಲ್ಲಿ ನಿಯಮವೇ ಗೋಡೆ.

ಕರೆಗೆ ಮುಂಚೆಯೇ ರೇಖೆಯನ್ನು ದಾಟಿದವನ ಗತಿಯೇನು? ಬಿಳಿಯ ಮೇಲೆ ನೀಲಿಯ ಶಿಲುಬೆಯುಳ್ಳ ಬಾವುಟ ಏರುತ್ತದೆ. ಅವನು ಹಿಂದಿರುಗಿ, ಇಡೀ ದೋಣಿಯನ್ನು ರೇಖೆಯ ಹಿಂದಕ್ಕೆ ತಂದು, ಮತ್ತೆ ಹೊರಡಬೇಕು. ಹಾಗೆ ಹಿಂದಿರುಗುವಾಗ ಅವನಿಗೆ ಯಾರ ಮೇಲೂ ಹಕ್ಕಿಲ್ಲ. ಬಲಗಾಳಿಯಲ್ಲಿದ್ದರೂ ಎಲ್ಲರಿಗೂ ದಾರಿ ಬಿಡಬೇಕು. ಮುಂಚೆ ದಾಟಿದವರು ಯಾರು ಯಾರೆಂದು ಗುರುತಿಸಲಾಗದಷ್ಟು ಮಂದಿ ಇದ್ದರೆ ಎಲ್ಲರನ್ನೂ ಹಿಂದಕ್ಕೆ ಕರೆದು ಹೊಸದಾಗಿ ಹೊರಡಿಸುತ್ತಾರೆ. ಮತ್ತೆ ಮತ್ತೆ ಹೀಗಾದರೆ ಕಪ್ಪು ಬಾವುಟವೊಂದು ಉಂಟು. ಅದು ಏರಿದ ಆರಂಭದಲ್ಲಿ, ಕೊನೆಯ ನಿಮಿಷದಲ್ಲಿ ರೇಖೆಯ ಆಚೆ ಕಂಡವನಿಗೆ ವಿಚಾರಣೆಯೂ ಇಲ್ಲ, ಆ ಪಂದ್ಯವೂ ಇಲ್ಲ.

ಇಷ್ಟೆಲ್ಲ ನಿಯಮಗಳನ್ನು ಪಾಲಿಸುವಂತೆ ನೋಡಿಕೊಳ್ಳುವವರಾರು? ಸಾಮಾನ್ಯವಾಗಿ ಯಾರೂ ಇಲ್ಲ. ರೇಖೆಯ ತುದಿಯಲ್ಲಿರುವವರು ರೇಖೆಯನ್ನು ಮಾತ್ರ ನೋಡುತ್ತಾರೆ. ನೀರಿನ ಮೇಲೆ ಸೀಟಿ ಊದುವ ತೀರ್ಪುಗಾರನಿಲ್ಲದೆಯೇ ಹೆಚ್ಚಿನ ಪಂದ್ಯಗಳು ನಡೆಯುತ್ತವೆ. ತಾನು ತಪ್ಪಿದೆನೆಂದು ತಿಳಿದವನು ಇತರರಿಂದ ದೂರ ಸರಿದು, ತಡಮಾಡದೆ, ತನ್ನ ದೋಣಿಯನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಮುಂದುವರಿಯಬೇಕು. ಅಷ್ಟರಲ್ಲಿ ಹತ್ತು ದೋಣಿಗಳು ಅವನನ್ನು ಹಿಂದೆ ಹಾಕಿರುತ್ತವೆ. ದೊಡ್ಡ ಜಖಂ ಮಾಡಿದ್ದರೆ ಪಂದ್ಯವನ್ನೇ ಬಿಡಬೇಕು. ತಪ್ಪನ್ನು ಒಪ್ಪದಿದ್ದರೆ, ನೊಂದವನು ಕೂಡಲೇ ‘ಪ್ರೊಟೆಸ್ಟ್’ ಎಂದು ಕೂಗಿ, ದೋಣಿ ಆರು ಮೀಟರು ಅಥವಾ ಅದಕ್ಕೆ ಮೇಲ್ಪಟ್ಟುದಾದರೆ ಕೆಂಪು ಬಾವುಟವನ್ನೂ ತೋರಿಸಿ, ದಡಕ್ಕೆ ಬಂದ ಮೇಲೆ ಬರೆದು ಕೊಡಬೇಕು. ಆಗ ವಿಚಾರಣೆ ನಡೆಯುತ್ತದೆ. ಆದರೆ ಆಟದ ಜೀವವಿರುವುದು ವಿಚಾರಣೆಯಲ್ಲಲ್ಲ, ತನ್ನಷ್ಟಕ್ಕೆ ತಾನೇ ತಿರುಗುವ ಆ ಎರಡು ಸುತ್ತಿನಲ್ಲಿ.

ಪರಸ್ಪರ ಅಪರಿಚಿತರಾದ ಜನ ಹೀಗೆ ಒಬ್ಬರಿಗೊಬ್ಬರು ಬದ್ಧರಾಗುವುದು ಹೇಗೆಂಬ ಪ್ರಶ್ನೆ ಒಮ್ಮೆ ನ್ಯಾಯಾಲಯವನ್ನೇ ಏರಿತು. 1894ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ಖಾರಿಯಲ್ಲಿ ಒಂದು ಸ್ಪರ್ಧೆ. ಹೊರಡುವ ಮುನ್ನ ಜಾಗಕ್ಕಾಗಿ ಸುಳಿದಾಡುತ್ತಿರುವಾಗ ‘ಸೆಟನಿಟಾ’ ಎಂಬ ದೊಡ್ಡ ಹಾಯಿನೌಕೆ ನಿಯಮ ಮೀರಿ ಲಾರ್ಡ್ ಡನ್‌ರೇವನ್ ಎಂಬವರ ‘ವಾಲ್ಕಿರಿ’ಗೆ ಬಡಿಯಿತು. ವಾಲ್ಕಿರಿ ಮುಳುಗಿತು, ಅದರ ನಾವಿಕನೊಬ್ಬ ಸತ್ತ. ನಷ್ಟ ಕಟ್ಟಿಕೊಡುವ ಮಾತು ಬಂದಾಗ ಸೆಟನಿಟಾದ ಒಡೆಯರು ಹಡಗುಗಳ ಕಾಯಿದೆಯನ್ನು ತೋರಿಸಿದರು. ಒಡೆಯನ ಸ್ವಂತ ತಪ್ಪಿಲ್ಲದಿದ್ದರೆ ಟನ್ನಿಗೆ ಎಂಟು ಪೌಂಡು ಕೊಟ್ಟರೆ ಸಾಕೆಂದು ಅದರಲ್ಲಿತ್ತು. ಡನ್‌ರೇವನ್ನರ ವಾದ ಬೇರೆ: ಸ್ಪರ್ಧೆಗೆ ಹೆಸರು ಕೊಡುವಾಗ ನಾವಿಬ್ಬರೂ ಪಂದ್ಯದ ನಿಯಮಗಳಿಗೆ ಒಪ್ಪಿ ಸಹಿ ಮಾಡಿದ್ದೇವೆ, ನಿಯಮ ಮೀರಿದವನು ಎಲ್ಲ ನಷ್ಟವನ್ನೂ ಕೊಡತಕ್ಕದ್ದೆಂದು ಅಲ್ಲಿದೆ, ಆದುದರಿಂದ ಪೂರ್ತಿ ಕೊಡಬೇಕು. ಇಬ್ಬರೂ ಸಂಘದ ಕಾರ್ಯದರ್ಶಿಗೆ ಬರೆದುಕೊಟ್ಟವರೇ ಹೊರತು ಒಬ್ಬರಿಗೊಬ್ಬರು ಒಂದು ಮಾತನ್ನೂ ಬರೆದವರಲ್ಲ. ಆದರೂ 1897ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಸ್ಪರ್ಧಿಗಳ ನಡುವೆ ಒಪ್ಪಂದವಿದೆಯೆಂದೇ ತೀರ್ಮಾನಿಸಿತು. ನಮ್ಮ ಕಾನೂನು ವಿದ್ಯಾರ್ಥಿಗಳು ಒಪ್ಪಂದದ ಪಾಠದಲ್ಲಿ ಇಂದಿಗೂ ಓದುವ ಕ್ಲಾರ್ಕ್ ಮತ್ತು ಡನ್‌ರೇವನ್ ಮೊಕದ್ದಮೆ ಇದೇ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡುವ ಹುಡುಗರಿಗೆ ಅದು ಹಾಯಿದೋಣಿಗಳ ಆರಂಭರೇಖೆಯ ಹಿಂದೆ ಹುಟ್ಟಿದ ವಿವಾದವೆಂದು ಯಾರಾದರೂ ಹೇಳುತ್ತಾರೋ ಇಲ್ಲವೋ.

ಇದೇ ಡನ್‌ರೇವನ್ನರು ಮರುವರ್ಷವೇ ಇನ್ನೊಂದು ಬದಿಗೆ ನಿಲ್ಲಬೇಕಾಯಿತು. 1895ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬಳಿ ‘ಅಮೆರಿಕಾ ಕಪ್’ ಎಂಬ ಹೆಸರಾಂತ ಬಟ್ಟಲಿಗಾಗಿ ಅವರ ಹೊಸ ವಾಲ್ಕಿರಿಯೂ ಅಮೆರಿಕದ ‘ಡಿಫೆಂಡರ್’ ಎಂಬುದೂ ಸ್ಪರ್ಧಿಸಿದುವು. ಎರಡನೆಯ ದಿನದ ಪಂದ್ಯ. ನೋಡಲು ಬಂದ ಉಗಿಹಡಗೊಂದು ನಡುವೆ ತೂರಿತ್ತು. ಮೇಲ್ಗಡೆಯಿದ್ದ ವಾಲ್ಕಿರಿ ರೇಖೆಗೆ ಬೇಗ ಬಂದು, ಕೆಳಗಡೆಯಿದ್ದ ಡಿಫೆಂಡರಿನ ಕಡೆಗೆ ಇಳಿದು, ಮತ್ತೆ ಗಾಳಿಯ ಕಡೆಗೆ ತಿರುಗಿತು. ತಿರುಗುವಾಗ ಅದರ ಹಾಯಿಯ ಕೆಳಗಣ ಉದ್ದದ ಗಳು ಬೀಸಿ, ಡಿಫೆಂಡರಿನ ಕೂವೆಮರದ ಮೇಲ್ಭಾಗವನ್ನು ಬಿಗಿದಿದ್ದ ಹಗ್ಗಕ್ಕೆ ಸಿಕ್ಕಿಕೊಂಡಿತು. ಮರ ಸೀಳಿತು. ಡಿಫೆಂಡರ್ ಬಾವುಟ ತೋರಿಸಿ, ಮುರುಕು ಮರದಲ್ಲಿಯೇ ಪಂದ್ಯ ಮುಗಿಸಿತು. ಲೆಕ್ಕದಲ್ಲಿ ವಾಲ್ಕಿರಿ 47 ಸೆಕೆಂಡು ಮುಂದು. ಆದರೆ ಮೇಲ್ಗಡೆಯವನು ಸರಿಯಲಿಲ್ಲವೆಂದು ಗೆಲುವು ಡಿಫೆಂಡರಿಗೆ ಹೋಯಿತು. ಮೂರನೆಯ ದಿನ ಡನ್‌ರೇವನ್ನರು ರೇಖೆಯನ್ನು ದಾಟಿದಂತೆ ಮಾಡಿ ಹಿಂದಿರುಗಿಬಿಟ್ಟರು. ಮುಂದೆ ಎದುರಾಳಿಗಳ ಮೇಲೆ ಹೊರಿಸಿದ ಮೋಸದ ಆರೋಪವೂ ನಿಲ್ಲಲಿಲ್ಲ. ನಮಗೆ ತೋರುವಂತೆ, ಒಪ್ಪಂದದ ನ್ಯಾಯವನ್ನು ಲೋಕಕ್ಕೆ ಸ್ಪಷ್ಟಪಡಿಸಿದ ಮನುಷ್ಯನು ಅದೇ ಒಪ್ಪಂದದ ಕಹಿಯನ್ನು ನುಂಗಲಾರದೆ ಹೋದದ್ದು ಈ ಆಟದ ಚರಿತ್ರೆಯಲ್ಲಿ ವಿಚಿತ್ರವಾದ ಸಂಗತಿ.

1934ರಲ್ಲಿ ಅದೇ ಬಟ್ಟಲಿನ ಪಂದ್ಯದಲ್ಲಿ ಇಂಗ್ಲೆಂಡಿನ ‘ಎಂಡೆವರ್’, ಅಮೆರಿಕದ ‘ರೇನ್‌ಬೋ’ ತನಗೆ ದಾರಿ ಬಿಡಲಿಲ್ಲವೆಂದು ದೂರಿತು. ದೂರನ್ನು ಕೇಳಲೇ ಇಲ್ಲ. ಬಾವುಟವನ್ನು ತಡವಾಗಿ ಏರಿಸಿತೆಂಬುದು ಕಾರಣ. ರೇನ್‌ಬೋವಿನ ನಾಯಕ ಹೆರಾಲ್ಡ್ ವಾಂಡರ್‌ಬಿಲ್ಟ್. ಇಸ್ಪೀಟಿನಲ್ಲಿ ಆಸಕ್ತಿಯುಳ್ಳ ಶ್ರೋತೃಗಳು ಈ ಹೆಸರನ್ನು ಕೇಳಿರಬಹುದು. 1925ರಲ್ಲಿ ಪನಾಮಾ ಕಾಲುವೆಯ ಹಾದಿಯ ಹಡಗಿನಲ್ಲಿ ಕಾಂಟ್ರ್ಯಾಕ್ಟ್ ಬ್ರಿಜ್ ಆಟಕ್ಕೆ ಈಗಿನ ರೂಪ ಕೊಟ್ಟವರೂ ಇವರೇ. ಗೊಂದಲದ ಹಳೆಯ ನಿಯಮಗಳ ಬದಲು, ಯಾವ ಎರಡು ದೋಣಿಗಳು ಎದುರಾದರೂ ಒಂದಕ್ಕೆ ಮಾತ್ರ ಹಕ್ಕಿರುವಂತೆ ನಿಯಮಗಳನ್ನು ಹೊಸದಾಗಿ ಜೋಡಿಸುವ ಕೆಲಸಕ್ಕೆ ಇವರು ಕೈಹಾಕಿದರು. 1940ರ ದಶಕದಲ್ಲಿ ಅಮೆರಿಕವೂ, 1960ರ ಹೊತ್ತಿಗೆ ಅಂತರರಾಷ್ಟ್ರೀಯ ಒಕ್ಕೂಟವೂ ಆ ಹಾದಿಯನ್ನು ಒಪ್ಪಿದುವು. ಆ ಒಕ್ಕೂಟ ಸ್ಥಾಪನೆಯಾದದ್ದು 1907ರಲ್ಲಿ, ಪ್ಯಾರಿಸ್ಸಿನಲ್ಲಿ. ನಮ್ಮ ಮಾರಿಕಣಿವೆಯ ಕಟ್ಟೆ ಮುಗಿದ ವರ್ಷವೇ. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಿಯಮಗಳನ್ನು ತಿದ್ದಿ ಅಚ್ಚುಹಾಕಿಸುತ್ತದೆ.

ಒಪ್ಪಂದವೆಂದ ಮೇಲೆ ಅದರ ಎಲ್ಲೆಯನ್ನೂ ಹೇಳಬೇಕು. ಮಾರಿಕಣಿವೆಯಲ್ಲಿ ಬಲೆ ಬಿಟ್ಟು ಹರಿಗೋಲಿನಲ್ಲಿ ಕುಳಿತ ಮೀನುಗಾರನು ನಮ್ಮ ಪಂದ್ಯಕ್ಕೆ ಹೆಸರು ಕೊಟ್ಟವನಲ್ಲ. ಅವನ ಮುಂದೆ ‘ಸ್ಟಾರ್‌ಬೋರ್ಡ್’ ಎಂದು ಕೂಗುವುದು ಅವಿವೇಕ. ಅವನಿಗೂ ನಮಗೂ ನಡುವೆ ಇರುವುದು ಎಲ್ಲ ನಾವೆಗಳಿಗೂ ಸಾಮಾನ್ಯವಾದ ಕಾನೂನು. ಸಮುದ್ರದಲ್ಲಿಯಾದರೆ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಮೀನು ಹಿಡಿಯುತ್ತಿರುವ ನಾವೆಗೆ ಹಾಯಿದೋಣಿಯೇ ದಾರಿ ಬಿಡಬೇಕು. ಪಂದ್ಯದವರು ಅವನನ್ನು ಬಳಸಿ ಹೋಗಬೇಕು. ಅದರಿಂದಾಗುವ ನಷ್ಟ ಅವರದೇ.

ಪಂದ್ಯದ ಪುಸ್ತಕದಲ್ಲಿ ಎಲ್ಲಕ್ಕೂ ಮೊದಲು ಅಚ್ಚಾಗಿರುವ ನಿಯಮ ದಾರಿಗೆ ಸಂಬಂಧಿಸಿದ್ದೇ ಅಲ್ಲ: ಅಪಾಯದಲ್ಲಿರುವವರಿಗೆ ಸಾಧ್ಯವಾದ ಸಹಾಯವನ್ನೆಲ್ಲ ಕೊಡಬೇಕೆಂಬುದು ಅದು. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಕೆನಡದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿ ಸಾಗುತ್ತಿದ್ದವರು, ಬಿರುಗಾಳಿಯಲ್ಲಿ ಮಗುಚಿಕೊಂಡಿದ್ದ ಸಿಂಗಪುರದ ದೋಣಿಯ ಇಬ್ಬರನ್ನು ಕಂಡು, ಪಂದ್ಯ ಬಿಟ್ಟು ಹೋಗಿ ಅವರನ್ನು ಎತ್ತಿಕೊಂಡರು. ಆ ಇಬ್ಬರು ಬೇರೆಯ ಪಂದ್ಯದವರು. ತೀರ್ಪುಗಾರರು ಆ ದಿನದ ಎರಡನೆಯ ಸ್ಥಾನವನ್ನು ಲೆಮ್ಯೂಗೇ ಉಳಿಸಿಕೊಟ್ಟರು.

ಭಾರತದ ದೋಣಿಗಳೂ ಈ ನಿಯಮಗಳಡಿಯಲ್ಲಿ ಗೌರವ ಗಳಿಸಿವೆ. 2018ರ ಏಷ್ಯನ್ ಕ್ರೀಡೆಗಳಲ್ಲಿ ವರುಣ್ ಠಕ್ಕರ್ ಅವರೊಡನೆ ಕಂಚಿನ ಪದಕ ಪಡೆದು, ಮುಂದೆ ಟೋಕಿಯೋ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ ಕೇಳಪಂಡ ಚಂಗಪ್ಪ ಗಣಪತಿಯವರ ಹೆಸರನ್ನು ಕೇಳಿದರೆ ಕೊಡಗಿನವರ ಕಿವಿ ನಿಮಿರುವುದು ಸಹಜ.

ಹಲಸೂರಿನಲ್ಲಿಯೋ ಕೃಷ್ಣರಾಜಸಾಗರದಲ್ಲಿಯೋ ಪಂದ್ಯ ನಡೆಯುವಾಗ ನೀವು ದಡದಲ್ಲಿದ್ದರೆ, ಗೆದ್ದವನನ್ನು ನೋಡಲು ಕೊನೆಯವರೆಗೆ ಕಾಯಬೇಕಾಗಿಲ್ಲ. ಸಾಧ್ಯವಾದರೆ ರೇಖೆಯ ಒಂದು ತುದಿಯ ನೇರಕ್ಕೆ ನಿಲ್ಲಿ. ಆಗ ಎಲ್ಲ ದೋಣಿಗಳೂ ಒಂದೇ ಸಾಲಾಗಿ ಕಾಣುತ್ತವೆ, ಯಾವುದು ಮುಂದಾಯಿತೆಂದು ತಿಳಿಯುತ್ತದೆ. ನೀಲಿ-ಬಿಳಿಯ ಬಾವುಟ ಇಳಿದ ಮೇಲಿನ ಒಂದು ನಿಮಿಷವನ್ನು ಕಣ್ಣು ಮಿಟುಕಿಸದೆ ನೋಡಿ. ಅಲ್ಲಿಂದಾಚೆಗೆ ಇಡೀ ಗುಂಪು ಓಡುತ್ತಿರುವಾಗ ಒಂದು ದೋಣಿ ಮಾತ್ರ ಪಕ್ಕಕ್ಕೆ ಸರಿದು, ಯಾರೂ ಹೇಳದೆಯೇ ಒಂದು ಸುತ್ತು, ಮತ್ತೊಂದು ಸುತ್ತು ತಿರುಗಿ, ಎಲ್ಲರ ಹಿಂದೆ ಹೊರಟಿತೆಂದರೆ, ಅದರ ಹಾಯಿಯ ಮೇಲಿನ ಅಂಕೆಯನ್ನು ಗುರುತು ಹಾಕಿಕೊಳ್ಳಿ. ಮುಂದಿನ ಗುರುತನ್ನು ಅದು ಎಷ್ಟನೆಯದಾಗಿ ಸುತ್ತುತ್ತದೆಂದು ನೋಡಲು ದುರ್ಬೀನೊಂದು ಕೈಯಲ್ಲಿರಬೇಕು.